ಬೆರಳು ಇಳಿಸಬೇಡಿ

ದೋಣಿಯ ಹೆಸರು ಪಸಿಯೆನ್ಸಿಯಾ. ತಾಳ್ಮೆ ಎಂದರ್ಥ.
ತಾಳ್ಮೆಗೆಟ್ಟವನೊಬ್ಬನಿಂದ ಅರ್ಧ ಬೆಲೆಗೆ ಕೊಂಡಿದ್ದೆ.
ಮೂರು ವಾರದಿಂದ ಮಿಂಡೆಲೋ ಬಂದರಿನ ಕಟ್ಟೆಗೆ
ಬೆನ್ನು ಉಜ್ಜಿಕೊಳ್ಳುತ್ತ ನಿಂತಿದೆ.
ಸಹರಾದ ಕೆಂಧೂಳು ಹಗ್ಗ ಹಗ್ಗಕ್ಕೂ ಮೆತ್ತಿ
ಮುಟ್ಟಿದವರ ಕೈಯೆಲ್ಲ ಇಟ್ಟಿಗೆ ಬಣ್ಣ.

ಹಳೆಯ ತಂಡ ಇಳಿದುಹೋಯಿತು.
ಕಾರಣ, ನಗಬೇಡಿ, ಒಂದು ಸಾಸಿವೆ ಬಾಟಲಿ.
ಹನ್ನೆರಡು ಮೀಟರಿನೊಳಗೆ
ಜಗಳಕ್ಕೆ ಜಾಗ ಸಾಲುತ್ತದೆ, ರಾಜಿಗೆ ಸಾಲದು.

ಹೊಸಬರು ಬಂದರು.
ಬೋಗ್ನಾ, ಪೋಲೆಂಡಿನ ಹೆರಿಗೆ ಆಸ್ಪತ್ರೆಯ ದಾದಿ.
ರಾತ್ರಿಪಾಳಿಯೇ ನನ್ನ ಹಗಲು, ಅಂದಳು.
ಶುರ್ಶೊ, ಗಲೀಸಿಯಾದಲ್ಲಿ ಬ್ರೆಡ್ಡು ಸುಡುವವ.
ಗಾಜಿನ ಭರಣಿಯಲ್ಲಿ ಹುಳಿಹಿಟ್ಟು ಜೀವಂತ ತಂದು
ಅದಕ್ಕೂ ಮಲಗಲು ಜಾಗ ಕೇಳಿದ. ಕೊಟ್ಟೆ.

ಮೂರನೆಯವ ಎಲ್ಲಿಂದಲೂ ಬರಲಿಲ್ಲ.
ಅಡೆರಿತು, ಇದೇ ಕಟ್ಟೆಯವನು, ಹಾಯಿ ಹೊಲಿಯುವವ.
ಹನ್ನೆರಡರ ವಯಸ್ಸಿನಿಂದ ಇಲ್ಲೇ ಕೂತು
ಯಾರು ಯಾರದೋ ಹರಿದ ಹಾಯಿಗಳಿಗೆ ತೇಪೆ ಹಾಕಿದ್ದಾನೆ.
ಹರಿದ ಅಂಚು ಸವರಿ ಹೇಳುತ್ತಾನೆ,
ಇದು ಬಿಸ್ಕೇ ಕೊಲ್ಲಿಯ ಗಾಳಿ, ಇದು ಬರೀ ಸೋಮಾರಿತನ.
ಎದುರಿಗೆ ಕಾಣುವ ಸಾಂತು ಅಂತಾಂವ್ ದ್ವೀಪದ ಆಚೆಗೆ
ಒಮ್ಮೆಯೂ ಹೋದವನಲ್ಲ.

ಮೊದಲ ಪಾಠಕ್ಕೆ ಕೊಲ್ಲಿಯೊಳಗೆ ಬಕೆಟ್ಟೊಂದನ್ನು ನೀರಿಗೆಸೆದೆ.
ಇದು ನಾನು, ಬಿದ್ದಿದ್ದೇನೆ, ಅಂದೆ.
ಒಬ್ಬರಿಗೆ ಚುಕ್ಕಾಣಿ, ಒಬ್ಬರಿಗೆ ಹಾಯಿ,
ಒಬ್ಬರಿಗೆ ಬೆರಳು ಚಾಚಿ ನಿಲ್ಲುವ ಕೆಲಸ, ಅಷ್ಟೇ.
ಅಲೆಗಳ ನಡುವೆ ಮನುಷ್ಯನ ತಲೆ
ತೆಂಗಿನಕಾಯಿಗಿಂತ ಚಿಕ್ಕದು.
ಕಣ್ಣು ಮಿಟುಕಿಸಿದಿರೋ, ಹೋಯಿತು.
ಕೈ ಸೋತರೆ ಇನ್ನೊಂದು ಕೈ.
ಯಾರು ಏನೇ ಕೂಗಲಿ, ಬೆರಳು ಇಳಿಸಬೇಡಿ.

ಎರಡು ಸಲ ಸತ್ತೆ.
ಮೂರನೆಯ ಸಲ ಬೋಗ್ನಾ ನನ್ನನ್ನು
ಹಿಡಿಕೆ ಹಿಡಿದು ಎತ್ತಿದಳು,
ತಲೆಕೆಳಗು ಮಾಡಿ ನೀರು ಬಸಿದು
ಅಭ್ಯಾಸಬಲದಿಂದ ತಳಕ್ಕೊಂದು ಪೆಟ್ಟು ಕೊಟ್ಟಳು.
ನಾವು ನಕ್ಕದ್ದು ಅದೇ ಮೊದಲು.

ಹೊರಡುವ ದಿನ ಅಡೆರಿತುವಿನ ತಾಯಿ ಬಂದಳು,
ನೂರಿಪ್ಪತ್ತು ಮೊಟ್ಟೆ, ಒಂದೊಂದೂ ಕಾಗದದಲ್ಲಿ ಸುತ್ತಿ.
ದಿನಕ್ಕೊಮ್ಮೆ ಮಗುಚಿಡಿ, ಕೆಡುವುದಿಲ್ಲ, ಅಂದಳು.
ಮಗನ ಕಡೆ ನೋಡಲಿಲ್ಲ.
ಆಮೇಲೆ ನನ್ನ ತೋಳು ಹಿಡಿದು, ಮೆಲ್ಲಗೆ,
ನಿದ್ದೆಯಲ್ಲಿ ನಡೆಯುತ್ತಿದ್ದ ಇವನು, ಚಿಕ್ಕವನಿದ್ದಾಗ.
ಈಗಿಲ್ಲ.
ಇಲ್ಲ ಅಂತ ಅಂದುಕೊಂಡಿದ್ದೇನೆ.

ನಾಲ್ಕು ಗಂಟೆಗೆ ಹಗ್ಗ ಬಿಚ್ಚಿದೆವು.
ಎರಡು ದ್ವೀಪಗಳ ನಡುವಿನ ಕಿರಿದಾರಿಯಲ್ಲಿ
ಗಾಳಿ, ತಡೆದಿಟ್ಟಿದ್ದ ಮಾತೆಲ್ಲ ಒಮ್ಮೆಗೇ ಆಡಿಬಿಟ್ಟಿತು.
ಶುರ್ಶೊ ಕಟಕಟೆಗೆ ಜೋತುಬಿದ್ದು
ಬೆಳಗಿನ ಕಾಫಿಯಿಂದ ಹಿಡಿದು
ತನ್ನ ಬಾಲ್ಯದವರೆಗೂ ಕಾರಿಕೊಂಡ.
ಒಳಗೆ ಭರಣಿಯ ಹುಳಿಹಿಟ್ಟು ಉಕ್ಕಿ
ನಕ್ಷೆಯ ಮೇಲೆ ಹರಿದು, ಇನ್ನೂ ತಲುಪದ ಬಾರ್ಬಡೋಸನ್ನು
ನಮಗಿಂತ ಮೊದಲೇ ಮುಟ್ಟಿತ್ತು.

ಒಂಬತ್ತರ ಪಾಳಿ ಅಡೆರಿತುವಿನದು.
ನಿದ್ದೆ ಬಾರದೆ ಮೇಲೆ ಬಂದೆ. ನಿದ್ದೆ ಬಾರದೆ
ಎನ್ನುವುದು ಸುಳ್ಳು. ಅವನ ಸೊಂಟದ ಕೊಕ್ಕೆ ನೋಡಲು ಬಂದೆ.
ಕೊಕ್ಕೆ ಸಿಕ್ಕಿಸಿಯೇ ಇತ್ತು. ದೋಣಿ ತನ್ನಷ್ಟಕ್ಕೆ ಓಡುತ್ತಿತ್ತು.
ಅವನು ಹಿಂದಕ್ಕೆ ತಿರುಗಿ ನಿಂತು
ಬಲಗೈ ನೀಳವಾಗಿ ಚಾಚಿದ್ದ.

ದೂರದಲ್ಲಿ ಸಾಂತು ಅಂತಾಂವಿನ ದೀಪಸ್ತಂಭ.
ಅಲೆ ಎತ್ತಿದಾಗ ಇತ್ತು.
ಇಳಿಸಿದಾಗ ಇರಲಿಲ್ಲ.
ಎತ್ತಿದಾಗ ಇತ್ತು.

ಮುಂದೆ ಎರಡು ಸಾವಿರ ಮೈಲಿ ಇದೆ ಮಾರಾಯ,
ಅತ್ತ ನೋಡು, ಅನ್ನಬೇಕಿತ್ತು ನಾನು. ಕ್ಯಾಪ್ಟನ್ ಅಲ್ಲವೇ.
ಸುಮ್ಮನೆ ಹೋಗಿ ಚುಕ್ಕಾಣಿ ಹಿಡಿದೆ.
ಅವನು ಕೈ ಬದಲಿಸಿದ.

ಆಮೇಲೆ ಅಲೆ ಎತ್ತಿತು, ದೀಪ ಏಳಲಿಲ್ಲ.
ಮತ್ತೊಂದು ಅಲೆ.
ಮತ್ತೂ ಒಂದು.
ಬೆರಳು ಹಾಗೇ ಇತ್ತು.

ಹನ್ನೆರಡಕ್ಕೆ ಬರಬೇಕಾದ ಬೋಗ್ನಾ
ಹತ್ತು ನಿಮಿಷ ಮೊದಲೇ ಮೆಟ್ಟಿಲೇರಿ ಬಂದಳು.
ಅವನನ್ನು ನೋಡಿದಳು, ಆ ಕೈಯನ್ನು, ಆ ಕತ್ತಲನ್ನು.
ಒಂದೇ ಏಟಿಗೆ ಲೈಫ್‌ಜಾಕೆಟ್ಟಿನ ಬಕಲು ಬಿಗಿದು
ಕೇಳಿದಳು,
ಯಾರು ಬಿದ್ದದ್ದು?