ಟೇಪು

ದಸರಾ ಕ್ರೀಡಾಕೂಟದ ಎಂಟುನೂರು ಮೀಟರು.
ಕೊನೆಗೆ ಹಿಡಿದಿದ್ದ ಟೇಪು ಶರಾವತಿಯ ಎದೆಗೆ ತಾಗಿತು,
ಅದರ ಬಾಲ ನನ್ನ ಮೊಣಕೈಗೆ ಸುತ್ತಿಕೊಂಡಿತು.
ನಡುವೆ ಅರ್ಧ ಸೆಕೆಂಡೂ ಇಲ್ಲ.
ಅಷ್ಟು ಸಣ್ಣ ಸಂದಿಯಲ್ಲಿ
ಹೇಗೆ ತೂರಿಕೊಂಡವೋ
ಮೂರು ಪಕ್ಷ, ಎರಡು ಮನವಿಪತ್ರ,
ಬೆಂಗಳೂರಿನಿಂದ ಬಂದ ಒಬ್ಬ ವಕೀಲ,
ಗೋಪಿ ಸರ್ಕಲ್ಲಿನಲ್ಲಿ ಒಂದು ಧರಣಿ,
ಅದರ ಎದುರಿಗೇ ಇನ್ನೊಂದು.

ಹೋದ ವರ್ಷ ಅವಳು ಐದನೆಯವಳಾಗಿ ಬಂದು
ಗೋಲ್ ಪೋಸ್ಟಿನ ಹಿಂದೆ ವಾಂತಿ ಮಾಡಿಕೊಂಡಾಗ
ಯಾವ ಮನೆಮಗಳಿಗೂ ಅನ್ಯಾಯವಾಗಿರಲಿಲ್ಲ.

ಮನೆಮಗಳು ಅಂದರೆ ಈಗ ನಾನು.
ರಂಗಮಂದಿರದ ಚರ್ಚೆಯಲ್ಲಿ ಶಾಲು ಹೊದ್ದವರು ಗುಡುಗಿದರು:
‘ನಮ್ಮ ಹೇಮಲತಾಳ ಪದಕ ಕಸಿದರು!’
ನನ್ನ ಹೆಸರು ಹೇಮ್ಲಿಬಾಯಿ.
ತಾಂಡಾದ ಹೆಸರು ಅವರ ಬಾಯಲ್ಲಿ ನಿಲ್ಲಲಿಲ್ಲ.
ಇದೇ ಶಾಲು, ಹೋದ ಶ್ರಾವಣದಲ್ಲಿ
ತನ್ನ ಟೈಲ್ಸ್ ಅಂಗಡಿ ತೆರೆಯುವಾಗ
ಶರಾವತಿಯ ಕೈಯಿಂದ ದೃಷ್ಟಿ ತೆಗೆಸಿಕೊಂಡಿತ್ತು.
ಹೊಸ್ತಿಲಿಗೆ ಬೇಕು,
ಸುಣ್ಣದ ಗೆರೆಗೆ ಬೇಡ.

ಆಮೇಲೆ ಇನ್ನೊಬ್ಬರು ಎದ್ದರು, ಖಾದಿ ಜುಬ್ಬಾ.
ಕಾನೂನಿನ ಕಲಂಗಳನ್ನು ಓದಿದರು, ಚೆನ್ನಾಗಿಯೇ ಓದಿದರು.
‘ಸೋತವರ ಅಸೂಯೆಯೇ ಇಲ್ಲಿ ರಾಜಕೀಯವಾಗಿದೆ’ ಅಂದರು.
ಚಪ್ಪಾಳೆ.
ಸೋತವಳು ಹದಿನೇಳನೇ ಸಾಲಿನಲ್ಲಿ
ಕುರ್ಚಿಯ ಹರಿದ ರೆಕ್ಸಿನ್ ಕೀಳುತ್ತಾ ಕೂತಿದ್ದಳು.
ಗೆದ್ದವಳು ಬಂದಿರಲಿಲ್ಲ.
ಕರೆದಿರಲಿಲ್ಲ.

ಶರಾವತಿ, ಅವಳೇ ಇಟ್ಟುಕೊಂಡ ಹೆಸರು.
ಅವಳಜ್ಜ ಹುಚ್ಚಪ್ಪ ಮುಳುಗಡೆಯವನು;
ಅಣೆಕಟ್ಟಿನ ನೀರು ಗದ್ದೆಗೆ ಹತ್ತಿದಾಗ
ಲಾರಿಯಲ್ಲಿ ತಂದು ಆಯನೂರಿನಾಚೆ ಕಾಡಲ್ಲಿ ಸುರಿದರಂತೆ.
‘ನಮ್ಮ ನೆಲ ನುಂಗಿದ ಹೊಳೆ ಹೆಸರೇ ಬೇಕಿತ್ತಾ?’
ಅಪ್ಪ ಕೇಳಿದ್ದಕ್ಕೆ
‘ಹೊಳೆ ಏನ್ ಮಾಡ್ತು? ಕಟ್ಟೆ ಕಟ್ದೋರು ಬೇರೆ’ ಅಂದಳಂತೆ.

ಡಿಸಿ ಆಫೀಸಿನಲ್ಲಿ ಫಾರಂ ತುಂಬುವಾಗ
ಲಿಂಗ ಅನ್ನುವ ಕಾಲಮ್ಮಿನ ಮುಂದೆ ಪೆನ್ನು ನಿಂತಿತು.
ಗುಮಾಸ್ತ ತಲೆಯೆತ್ತದೆ ‘ಏನು?’ ಅಂದ.
‘ಲಿಂಗನಮಕ್ಕಿ’ ಅಂದಳಂತೆ.
ಇದನ್ನು ಹೇಳಿ ಅವಳು ನಗುವಾಗ
ಚಾನಲ್ಲಿನ ಕೊಕ್ಕರೆಗಳು ಎದ್ದು ಹಾರುತ್ತವೆ.
ಅಜ್ಜನ ಹಕ್ಕುಪತ್ರ ಇನ್ನೂ ಬಂದಿಲ್ಲ, ಅರವತ್ತು ವರ್ಷ.
ಅವಳ ಗುರುತಿನ ಚೀಟಿ ಹದಿನಾಲ್ಕು ತಿಂಗಳಿಗೆ ಬಂತು.
ಅದನ್ನೂ ತಿದ್ದುತ್ತಾರಂತೆ ಈಗ,
ಯಾರೋ, ಎಲ್ಲೋ ಕೂತು.

ನಾನು ಒಳ್ಳೆಯವಳಲ್ಲ.
ಪದಕ ನನಗೆ ಬೇಕಿತ್ತು. ಈಗಲೂ ಬೇಕು.
ಮಾಚೇನಹಳ್ಳಿ ಗಾರ್ಮೆಂಟ್ಸಿನಲ್ಲಿ ದಿನಕ್ಕೆ ನಾನೂರು ಕಾಲರು ಹೊಲಿದು
ಬೆಳಗಿನ ಐದಕ್ಕೆ ಚಾನಲ್ ಏರಿಯ ಮೇಲೆ ಓಡುವವಳಿಗೆ
ಎರಡು ಅನ್ನುವುದು ಅಂಕಿಯಲ್ಲ, ಹಲ್ಲುನೋವು.
ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಒಬ್ಬಳಿಗೇ ಸೀಟು.

ಹಾಗಾಗಿ ಒಂದು ದಿನ
ಫ್ಯಾಕ್ಟರಿಯ ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಂದೆ.
ರಾತ್ರಿಯ ಮಳೆಗೆ ಏರಿ ಮೆತ್ತಗಾಗಿತ್ತು,
ಅವಳು ಓಡಿಹೋದ ಗುರುತು ಇನ್ನೂ ಹಸಿ.
ಬಗ್ಗಿ ಅಳೆದೆ.
ನನ್ನ ಹೆಜ್ಜೆಗಿಂತ ನಾಲ್ಕು ಇಂಚು ಹೆಚ್ಚು.
ನೋಡು, ಸಿಕ್ಕಿತಲ್ಲ! ಅಂದಿತು ಒಳಗೊಂದು ಶಾಲು.
ಸಾಗರದ ನಾಗವೇಣಿ ಅವಳಿಗಿಂತ ಉದ್ದ, ಬಂದದ್ದು ಮೂರನೆಯವಳಾಗಿ;
ಅವಳ ಹೆಜ್ಜೆಗೆ ಯಾಕೆ ಬಗ್ಗಲಿಲ್ಲ? ಅಂದಿತು ಒಳಗೊಂದು ಜುಬ್ಬಾ.
ಎರಡೂ ಒಟ್ಟೊಟ್ಟಿಗೆ ಕೂಗಾಡುತ್ತಿದ್ದವು.
ನನ್ನ ಮೊಣಕಾಲು ಕೆಸರಾಗಿತ್ತು.

ಬೆನ್ನ ಹಿಂದೆ ಉಸಿರು ಕೇಳಿತು. ತಿರುಗಿ ಬಂದಿದ್ದಳು.
ಬೆವರಿಗೆ ಕರಗಿದ ಕುಂಕುಮ ಮೂಗಿನ ತನಕ.
ಟೇಪನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ,
ಬೆಲ್ಲ ಕದ್ದ ಮಗುವಿನ ಹಾಗೆ.
ಅವಳು ಕುಕ್ಕರಗಾಲಲ್ಲಿ ಕೂತು
ಹೊರಗೆ ಇಣುಕುತ್ತಿದ್ದ ತುದಿ ಎಳೆದು
ಹಿಮ್ಮಡಿಯ ಗುಳಿಗೆ ಸರಿಯಾಗಿ ಇಟ್ಟಳು.
‘ಅಲ್ಲಿಂದಲ್ಲ, ಇಲ್ಲಿಂದ ಹಿಡಿ.
ಬರ್ಕೋ.’

ನನ್ನ ಹತ್ತಿರ ಪೆನ್ನಿರಲಿಲ್ಲ.
ಆರೂವರೆಗೆ ಗಾರ್ಮೆಂಟ್ಸಿನ ಬಸ್ಸು.