ಗೈರು

ಭಾನುವಾರ, ಎರಡನೇ ಪೂಜೆ ಮುಗಿದ ಮೇಲೆ
ಶಾಲೆಯ ಹಿಂದಿನ ಕೋಣೆಯಲ್ಲಿ ಹನ್ನೊಂದು ಮಕ್ಕಳು.
ಕಿಟಕಿಯಾಚೆ ಸಂತ ಅನ್ನಮ್ಮನ ಗೋಪುರ.
ಹೂಮಳೆ ಬಿದ್ದು ಎಂಟು ದಿನ,
ವಿರಾಜಪೇಟೆಗೆಲ್ಲ ಕಾಫಿಹೂವಿನ ಅಮಲು,
ತಪಸ್ಸುಕಾಲಕ್ಕೆ ಹೇಳಿಮಾಡಿಸಿದ್ದಲ್ಲ ಆ ಪರಿಮಳ.

ನಾನು ಬಲ್ತಜಾರ್ ಲೋಬೊ, ತೋಟದ ಹಳೇ ರೈಟರು,
ಈಗ ಜ್ಞಾನೋಪದೇಶದ ಮೇಷ್ಟ್ರು,
ಕಾರ್ಥೇಜಿನ ಕತೆ ಹೇಳುತ್ತಿದ್ದೆ:
ಇನ್ನೂರೈವತ್ತನೇ ಇಸವಿ, ಚಕ್ರವರ್ತಿಯ ಕಟ್ಟಪ್ಪಣೆ.
ರೋಮಿನ ದೇವರುಗಳಿಗೆ ಚಿಟಿಕೆ ಧೂಪ ಹಾಕಿದವನಿಗೆ
ಒಂದು ಚೀಟಿ, ಸಾಕ್ಷಿಗಳ ರುಜು ಸಮೇತ.
ಹಾಕದವನಿಗೆ ಸೆರೆ, ಕೆಲವರಿಗೆ ಸಾವು.
ಕೆಲವರು ಜಾಣರು. ಧೂಪ ಮುಟ್ಟಲಿಲ್ಲ,
ಗುಮಾಸ್ತನ ಕೈ ಬೆಚ್ಚಗೆ ಮಾಡಿ
ಚೀಟಿ ಮಾತ್ರ ತಂದುಕೊಂಡರು.

ಅರುಳ್‌ಮೇರಿ ಎದ್ದು ಕೇಳಿದಳು:
"ಕಾಗದ ತಾನೇ ಸರ್? ಸುಳ್ಳು ಕಾಗದ.
ಅದೂ ಪಾಪವಾ?"
ನಾನು ಕಪ್ಪುಹಲಗೆ ಒರೆಸಿದೆ.
ಅದರ ಮೇಲೆ ಏನೂ ಬರೆದಿರಲಿಲ್ಲ.

ಮಸ್ಟರ್ ಪುಸ್ತಕದ್ದು ನೀಲಿ ಗೆರೆಯ ಹಾಳೆ.
ಆ ವರ್ಷ ಮೆಣಸು ಜೋರು.
ಚಾತ ಒಂಟಿಬಿದಿರಿನ ಏಣಿ ಹತ್ತಿದ್ದ,
ಸಿಲ್ವರ್ ಮರದ ನೆತ್ತಿಯ ಬಳ್ಳಿಗೆ.
ಬಿದ್ದ ಸದ್ದು ಆಫೀಸಿಗೇ ಕೇಳಿತು,
ತುಂಬಿದ ಗೋಣಿ ಇಳಿಸಿದ ಹಾಗೆ.
ಜೀಪು ಹೋಯಿತು. ಸಂಜೆ ದಣಿಗಳು ಬಂದರು,
ಗಟ್ಟಿಯಾಗಿ ಏನೂ ಅನ್ನಲಿಲ್ಲ.
"ಇವತ್ತು ಅವನು ಬಂದಿದ್ದನಾ, ರೈಟರೇ?"
ಅಷ್ಟೇ. ಪ್ರಶ್ನೆಯೇ ಅಪ್ಪಣೆ.
ಬೆಳಿಗ್ಗೆ ಎಳೆದ ಹಾಜರಿ ಗೀಟನ್ನು
ಬ್ಲೇಡಿನಲ್ಲಿ ಕೆರೆದು ಸೊನ್ನೆ ಹಾಕಿದೆ.
ದುಂಡಗಿನ ಸೊನ್ನೆ. ನನ್ನ ಅಕ್ಷರ ಚೆಂದ
ಅಂತ ಈಗಲೂ ಹೇಳುವವರಿದ್ದಾರೆ.

ಆಮೇಲೆ ಹತ್ತೊಂಬತ್ತು ವರ್ಷ ಪಾಪನಿವೇದನೆಯಲ್ಲಿ
ಸಿಟ್ಟು ಹೇಳಿದೆ, ಸೋಮಾರಿತನ ಹೇಳಿದೆ,
ಶುಭ ಶುಕ್ರವಾರದ ಹಿಂದಿನ ಶುಕ್ರವಾರ
ಮದುವೆಮನೆಯಲ್ಲಿ ತಿಂದ ಪಂದಿಕರಿ ಹೇಳಿದೆ.
ಸೊನ್ನೆ ಹೇಳಲಿಲ್ಲ.

"ಮುಂದೇನಾಯ್ತು ಸರ್?"
ಮುಂದೆ? ಕಾಟ ನಿಂತಿತು. ಚೀಟಿಯವರು ತಿರುಗಿ ಬಂದರು,
ಬಾಗಿಲಲ್ಲಿ ನಿಂತು, ಒಳಹೋಗುವವರ ಸೆರಗು ಹಿಡಿದು ಅತ್ತರು.
ಸಾಯೋ ತನಕ ಹೊರಗೇ ಇರಲಿ, ಎಂದರು ಬಿಗಿ ಮಂದಿ.
ಆದದ್ದಾಯಿತು ಬನ್ನಿ, ಊಟ ಆರುತ್ತೆ, ಎಂದರು ಮೆತ್ತನೆಯವರು.
ಧರ್ಮಸಭೆ ಎರಡಕ್ಕೂ ಒಪ್ಪಲಿಲ್ಲ.
ಬಾಗಿಲೂ ಇದೆ, ಹೊಸಿಲೂ ಇದೆ, ಎಂದಿತು.
ಇನ್ನೊಂದು ವಿಷಯ, ಮಕ್ಕಳೇ:
ಕಾಟ ನಿಲ್ಲುವ ಮೊದಲೇ ಕೆಲವರು ಓಡಿದ್ದರು,
ಧರ್ಮಾಧ್ಯಕ್ಷರ ಬಳಿಗಲ್ಲ, ಜೈಲಿಗೆ,
ಏಟು ತಿಂದವರ ಹತ್ತಿರ,
ಇವನನ್ನು ಸೇರಿಸಿಕೊಳ್ಳಿ ಎಂಬ ಓಲೆ ಬೇಡಲು.

ಹೇಳಿದವನೇ ಕೇಳಿಸಿಕೊಂಡೆ.

ಫಾದರ್ ಜಾಲರಿಯಾಚೆ ಬಹಳ ಹೊತ್ತು ಸುಮ್ಮನಿದ್ದರು.
"ಕ್ಷಮೆ ದೇವರದು, ಕೊಡುತ್ತೇನೆ.
ಕಾಲು ಚಾತನದು."

ಸಿದ್ದಾಪುರದ ಬಸ್ಸು, ಆಮೇಲೆ ಎರಡು ಮೈಲಿ ನಡಿಗೆ.
ಹಾಡಿಯ ಅಂಚಿನಲ್ಲಿ ಬುಟ್ಟಿ ಹೆಣೆಯುತ್ತ ಕೂತಿದ್ದ,
ಬಲಗಾಲನ್ನು ಯಾರದೋ ಸಾಮಾನಿನಂತೆ ಪಕ್ಕಕ್ಕಿಟ್ಟುಕೊಂಡು.
ಹೇಳಿದೆ. ಬೊಳಚಿ ಒಲೆ ಊದುವುದನ್ನು ನಿಲ್ಲಿಸಿದಳು.
ಅವನು ಹಿಡಿದ ಬಿದಿರುಸೀಳು ಪೂರ್ತಿ ನೇಯ್ದು ಕೇಳಿದ:
"ಹಾಗಾದರೆ ಆ ದಿನದ ಕೂಲಿ?"

ಮೂವತ್ತೆಂಟು ರೂಪಾಯಿ.
ನನಗದು ಹೊಳೆದೇ ಇರಲಿಲ್ಲ.
ಜೇಬಲ್ಲಿದ್ದದ್ದು ಐನೂರರ ನೋಟುಗಳು. ಬೇಡ ಅಂದ.
ಅಂಗಡಿಗೆ ಹೋಗಿ ಚಿಲ್ಲರೆ ಮಾಡಿಸಿ ಬಂದು
ಎಣಿಸಿ ಕೊಟ್ಟೆ. ಎಣಿಸಿ ತಕ್ಕೊಂಡ.
"ಮಿಕ್ಕದ್ದು?" ಅಂದೆ.
"ಮಿಕ್ಕದ್ದಕ್ಕೆ ಪುಸ್ತಕ ತಗೊಂಡು ಬಾ."

ಈ ಭಾನುವಾರ ಇಗರ್ಜಿಯ ಕಟ್ಟಕಡೆಯ ಕಂಬಕ್ಕೆ ಒರಗಿದ್ದೇನೆ.
ಪರಮಪ್ರಸಾದದ ಸಾಲು ಮುಂದೆ ಸರಿಯುತ್ತಿದೆ.
ಬರಬಹುದು ಎಂದಿದ್ದಾರೆ ಫಾದರ್,
ಅರುಳ್‌ಮೇರಿ ತಿರುಗಿ ಕಣ್ಣಲ್ಲೇ ಕರೆಯುತ್ತಾಳೆ.
ನನ್ನ ಲೆಕ್ಕದಲ್ಲಿ ಇದು ಅರ್ಧ ಹಾಜರಿ.
ಹಳೇ ಮಸ್ಟರುಗಳು ತೋಟದ ಆಫೀಸಿನ ಅಟ್ಟದಲ್ಲಿವೆ,
ಬೀಗದ ಕೈ ಸಣ್ಣ ದಣಿಗಳ ಸೊಂಟದಲ್ಲಿ.
ಸೋಮವಾರ ಹೋಗಿ ಕೇಳಬೇಕು.