ತಡವಾಗಿ ಬಂದ ಸರಿಯುತ್ತರ

ಶಿಡ್ಲಘಟ್ಟ. ರಾತ್ರಿ ಒಂದೂವರೆ.
ಮುಖ್ತಿಯಾರ್ ಸಾಹೇಬರ ಫಿಲೇಚರಿನಲ್ಲಿ
ಮುರುಕು ಸ್ಟೂಲಿನ ಮೇಲೆ ಹೊಟ್ಟೆ ಬಿಚ್ಚಿದ ಬೋರ್ಡು,
ಪಕ್ಕದಲ್ಲಿ ನಾನು.
ಬೆಂದ ಹುಳದ ವಾಸನೆ ಮೊದಲ ವಾರ ಊಟ ಬಿಡಿಸಿತ್ತು,
ಈಗ ಅದಿಲ್ಲದೆ ಕೋಡು ಬರೆಯಲು ಕೈ ಬಾರದು.

ನಾನು ಬರೆದದ್ದು ಇಷ್ಟೆ, ಸರದಿ:
ಎಳೆ ತುಂಡಾಯಿತೇ, ಐದು ಮಿಲಿಸೆಕೆಂಡಿಗೊಮ್ಮೆ ಮುಟ್ಟಿ ನೋಡು,
ಆಗಿದ್ದರೆ ರಾಟೆ ಹಿಡಿ.
ನೀರಿನ ಬಿಸಿ, ಸೆಕೆಂಡಿಗೆ ಹತ್ತು ಸಲ.
ನೂಲಿನ ಲೆಕ್ಕ ಪರದೆಗೆ, ಬಿಡುವಾದಾಗ.
ಒಬ್ಬೊಬ್ಬನಿಗೂ ಒಂದು ಮಣೆ, ಎತ್ತರ ಬೇರೆ ಬೇರೆ.
ಟಿಕ್ ಎಂದಾಗಲೆಲ್ಲ ಸರದಿಗಾರ ಕಣ್ಣೆತ್ತುತ್ತಾನೆ;
ಮೇಲಿನ ಮಣೆಯವನು ಕೈಯೆತ್ತಿದ್ದರೆ
ಕೆಳಗಿನವನ ಬಾಯಲ್ಲಿ ಅರ್ಧ ಮಾತಿದ್ದರೂ ಸರಿ
ಅಲ್ಲೇ ತಡೆದು, ಎಲ್ಲಿಗೆ ನಿಂತಿತೆಂದು ಗುರುತಿಟ್ಟು
ಇವನನ್ನು ಕರೆಯುತ್ತಾನೆ.
ದಯೆ ಇಲ್ಲ ಇಲ್ಲಿ. ದ್ವೇಷವೂ.

‘ಒಂದಿಷ್ಟು ತಡವಾದರೇನು ಬೋರ್ಡಮ್ಮಾ,
ಲೆಕ್ಕ ಸರಿಯಿದ್ದರೆ ಸಾಲದಾ?’
ಕೇಳಿದ ಖೈರುಮ್ಮ ತಾನೇ ಗೂಡಿನ ರಾಶಿಗೆ ಕೈ ತೋರಿದಳು:
‘ಇದು ಸೋಮವಾರದ ಲಾಟು. ಗುರುವಾರ ದಾಟಿದರೆ
ಚಿಟ್ಟೆ ತೂತು ಕೊರೆದು ಹೊರಟು ಹೋಗತ್ತೆ.
ಆಮೇಲೆ ಎಷ್ಟು ಹದವಾಗಿ ಬೇಯಿಸಿದರೂ
ಬೇಯಿಸಿದ್ದು ತೂತನ್ನ.’

(ಒಳಗಿರುವುದರ ಕಡೆಯಿಂದ ನೋಡಿದರೆ
ನಾವು ತಪ್ಪಿಸಿದ ಗಡುವೇ ಅದರ ರೆಕ್ಕೆ.
ಅದನ್ನು ಕೋಡಿನಲ್ಲಿ ಎಲ್ಲೂ ಬರೆದಿಲ್ಲ.)

ಇಷ್ಟಾದರೂ ನಾಲ್ಕನೆಯ ತೊಟ್ಟಿಯ ರಾಟೆ
ದಿನಾ ಬೆಳಗಿನ ಜಾವ, ಎಳೆ ಹೋದದ್ದೇ ತಿಳಿಯದೆ
ಬರಿದೇ ಸುತ್ತುತ್ತಿತ್ತು. ಮೂರು ರಾತ್ರಿ ಹುಡುಕಿದೆ.
ಮೇಲಿನ ಮಣೆಯವನು ನಿದ್ದೆ ಹೋಗಿರಲಿಲ್ಲ, ಕೈಯೆತ್ತಿಯೇ ಇದ್ದ.
ಆದರೆ ತಂತಿಯ ಕೀಲಿ ಪರದೆ ಬರೆಯುವ ಬಡಪಾಯಿಯ ಹತ್ತಿರ;
ಅವನು ಬರೆದು ಮುಗಿಸಿ ಕೊಡಬೇಕು;
ಮುಗಿಸಲು ಬಿಡದೆ ನಡುವಿನವನು,
ಪುಷ್ಯದ ಚಳಿಗೆ ನೀರು ಆರಿ ಮೈತುಂಬ ಕೆಲಸವಾದವನು,
ಕೀಲಿಯೇ ಬೇಡದವನು,
ಮತ್ತೆ ಮತ್ತೆ ಅಡ್ಡ ಬರುತ್ತಿದ್ದ.
ಯಾರದೂ ತಪ್ಪಲ್ಲ. ರಾಟೆ ಸುತ್ತುತ್ತಿತ್ತು.

ಹೇಗೆ ಬಿಡಿಸಲಿ ಎಂದು ಕೂತಿದ್ದೆ.
ಸೌದೆ ಕೋಣೆಯ ಕೀಲಿ ಹೊಸ ಹುಡುಗ ನದೀಮನ ಜೇಬಿನಲ್ಲಿ.
ಅವನು ಇತ್ತ ಹೆಜ್ಜೆ ಇಟ್ಟಾಗಲೆಲ್ಲ
ರೈಟರ್ ರಾಮಾಂಜಿನಪ್ಪ ಕರೆಯುತ್ತಾನೆ:
ಟೀ ತಾ, ತಕ್ಕಡಿ ಒರೆಸು, ಸೇದೋಕೆ ಬೆಂಕಿಪೊಟ್ಣ.
ಖೈರುಮ್ಮನ ತೊಟ್ಟಿ ತಣ್ಣಗಾಗುತ್ತಿತ್ತು.
ಅವಳು ಹುಡುಗನನ್ನು ಬೈಯಲಿಲ್ಲ.
‘ರೈಟರಪ್ಪಾ, ಅವನ ಜೇಬಲ್ಲಿ ನನ್ನ ಕೀಲಿ ಇದೆ.
ಅದು ನನ್ನ ಕೈಗೆ ಬರೋವರೆಗೂ
ಅವನೇ ಖೈರುನ್ನೀಸಾ ಅಂತ ತಿಳ್ಕೋ.
ಈಗ ಕರಿ ನೋಡೋಣ.’

ಒಂದು ಸಾಲು ಸೇರಿಸಿದೆ:
ಕೀಲಿ ಹಿಡಿದವನಿಗೆ, ಬಿಡುವ ತನಕ,
ಕಾಯುತ್ತಿರುವವನ ಎತ್ತರ.

ಎಲ್ಲರಿಗಿಂತ ಕೆಳಗೆ, ನೆಲದ ಮೇಲೆ, ಇನ್ನೊಬ್ಬನಿದ್ದಾನೆ.
ಯಾರೂ ಕೈಯೆತ್ತದಾಗ ಅವನ ಸರದಿ,
ಬೋರ್ಡನ್ನು ಮಲಗಿಸುವುದಷ್ಟೇ ಕೆಲಸ.
ಅಳೆದು ನೋಡಿದೆ: ನೂರಕ್ಕೆ ಅರುವತ್ತೆರಡು ಪಾಲು ಹೊತ್ತು ಅವನದೇ.
ಖೈರುಮ್ಮನಿಗೆ ಹೇಳಿದೆ, ನಗುತ್ತಾಳೆಂದು.
ಬಿಸಿನೀರಿಗೆ ಬಿಳುಚಿದ ಬೆರಳುಗಳನ್ನು
ಒಂದೊಂದಾಗಿ ಮಡಿಸಿ ಏನೋ ಲೆಕ್ಕ ಹಾಕಿದಳು,
ಎಷ್ಟಾಯಿತೆಂದು ಹೇಳಲಿಲ್ಲ.

ನಾಲ್ಕನೆಯ ತೊಟ್ಟಿಯಲ್ಲಿ ಎಳೆ ತುಂಡಾಯಿತು.
ರಾಟೆ ನಿಂತಿತು, ಹೊತ್ತಿಗೆ ಸರಿಯಾಗಿ.
ಅವಳ ಕೈ ಆಗಲೇ ನೀರಿನಲ್ಲಿತ್ತು.